ಶನಿವಾರದ ಸಾಲು, ರವಿವಾರದ ಓಟ

ಮುಂದೇನಾಗುವುದೆಂಬುದನ್ನು ಮುಂಚಿತವಾಗಿಯೇ ತಿಳಿದುಕೊಳ್ಳಬೇಕೆಂಬ ಹಂಬಲವು ಮನುಷ್ಯನಿಗೆ ಹುಟ್ಟಿನೊಡನೆ ಬಂದುದೆಂದು ತೋರುತ್ತದೆ. ಒಕ್ಕಲಿಗನು ರೋಹಿಣಿ ಮಳೆಯ ಗಾಳಿಯನ್ನು ನೋಡಿ ವರ್ಷದ ಬೆಳೆಯನ್ನು ಅಳೆಯುತ್ತಾನೆ. ಅಂಗಡಿಕಾರನು ಮುಂಜಾನೆಯ ಮೊದಲ ಗಿರಾಕಿಯ ಕೈಗುಣದಿಂದ ಸಂಜೆಯ ಗಲ್ಲಾವನ್ನು ಊಹಿಸುತ್ತಾನೆ. ಮನೆಯ ಹಿರಿಯರಂತೂ ತೊಟ್ಟಿಲಲ್ಲಿಯ ಕೂಸು ಮುಷ್ಟಿ ಹಿಡಿದ ರೀತಿಯನ್ನು ಕಂಡೇ ಅದು ಗಳಿಸುವ ಮಗುವೋ ಕಳೆಯುವ ಮಗುವೋ ಎಂಬುದನ್ನು ನಿರ್ಣಯಿಸಿಬಿಡುತ್ತಾರೆ. ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡು ಎಂಬ ಗಾದೆಯು ಈ ಹಂಬಲದಿಂದಲೇ ಹುಟ್ಟಿರಬೇಕು. ಮೊಳಕೆಗೂ ಸಿರಿಗೂ ನಡುವೆ ನಾಲ್ಕು ತಿಂಗಳ ಮಳೆ, ಬಿಸಿಲು, ಹುಳು, ಹಕ್ಕಿಗಳಿರುತ್ತವೆಂಬುದನ್ನು ಆ ಗಾದೆಯು ಹೇಳುವುದಿಲ್ಲ. ಗಾದೆಯ ಕೆಲಸವೂ ಅದಲ್ಲವಷ್ಟೆ.

ಈ ಹಂಬಲಕ್ಕೆ ನಮ್ಮ ಕಾಲದಲ್ಲಿ ದೊರೆತಿರುವ ಆಟದ ಬಯಲುಗಳಲ್ಲಿ ಮೋಟಾರು ಪಂದ್ಯವೂ ಒಂದು. ಪೀರನವಾಡಿಯಲ್ಲಿ ಕುಳಿತವನಿಗೆ ಮೋಟಾರು ಪಂದ್ಯದ ಗೊಡವೆ ಯಾಕೆಂದು ವಾಚಕರು ಕೇಳಬಹುದು. ನಮ್ಮೂರಿನಲ್ಲಿ ಪಂದ್ಯದ ಪಥವಿಲ್ಲವೆಂಬುದು ನಿಜ. ಆದರೆ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಟಿಳಕವಾಡಿಯನ್ನು ದಾಟಿದ ಮೇಲೆ ಉದ್ಯಮಬಾಗ. ಅದರ ಮುಂದೆಯೇ ನಮ್ಮ ಊರು. ಉದ್ಯಮಬಾಗದ ಎರಕದ ಕಾರಖಾನೆಗಳಲ್ಲಿಯೂ ಲೇತುಗಳ ಮೇಲೆಯೂ ಎಂಜಿನ್ನು, ಪಂಪುಗಳ ಬಿಡಿಭಾಗಗಳು ಹಗಲಿರುಳು ತಯಾರಾಗುತ್ತವೆ. ಎಣ್ಣೆಯ ಕಲೆಯಾದ ಅಂಗಿಯನ್ನು ಒಗೆಯದ ಮನೆ ನಮ್ಮ ಓಣಿಯಲ್ಲಿ ಅಪರೂಪ. ನಾನೂ ಮೂವತ್ತು ವರ್ಷ ಅಲ್ಲಿಯ ಒಂದು ಕಾರಖಾನೆಯಲ್ಲಿ ತಪಾಸಣೆಯ ಕೆಲಸವನ್ನು ಮಾಡಿದವನು. ಯಂತ್ರದ ಸಪ್ಪಳಕ್ಕೆ ಕಿವಿ ಒಗ್ಗಿದ ಇಂಥ ಊರಿಗೆ ದೂರದರ್ಶನದ ಮೂಲಕ ಮೋಟಾರು ಪಂದ್ಯವು ಬಂದಾಗ ಅದು ಪರಕೀಯವೆನಿಸಲಿಲ್ಲ. ಯಾರ ಗಾಡಿ ಎಷ್ಟು ವೇಗವೆಂಬ ಮಾತಿಗಿಂತ ಯಾರ ಗಾಡಿ ಎಷ್ಟು ಹೊತ್ತು ಬಾಳುತ್ತದೆಂಬ ಮಾತೇ ನಮ್ಮಲ್ಲಿ ಹೆಚ್ಚು ನಡೆಯುತ್ತಿತ್ತು.

ಪಂದ್ಯವನ್ನು ಕಾಣದವರಿಗಾಗಿ ಎರಡು ಮಾತು. ಫಾರ್ಮುಲಾ ಒನ್ ಎಂದು ಕರೆಯಲ್ಪಡುವ ವಿಶ್ವ ಪಂದ್ಯಮಾಲೆಯು 1950ನೆಯ ಇಸವಿಯಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಆರಂಭವಾಯಿತು. ಓಟವು ಸಾಮಾನ್ಯವಾಗಿ ರವಿವಾರ ನಡೆಯುತ್ತದೆ. ಯಾವ ಗಾಡಿಯು ಯಾವ ಸ್ಥಾನದಿಂದ ಹೊರಡಬೇಕೆಂಬುದನ್ನು ನಿರ್ಣಯಿಸುವ ಅರ್ಹತಾ ಸುತ್ತು ಅದರ ಹಿಂದಿನ ದಿನ, ಶನಿವಾರ. 2006ನೆಯ ಇಸವಿಯಿಂದ ಇದಕ್ಕೆ ಮೂರು ಹಂತಗಳು. ಮೊದಲೆರಡು ಹಂತಗಳಲ್ಲಿ ನಿಧಾನವಾದವರನ್ನು ಜರಡಿಯಾಡಿ ಕೊನೆಗೆ ಹತ್ತು ಗಾಡಿಗಳನ್ನು ಉಳಿಸುತ್ತಾರೆ. ಆ ಹತ್ತರಲ್ಲಿ ಒಂದೇ ಒಂದು ಸುತ್ತನ್ನು ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದವನಿಗೆ ಎಲ್ಲರ ಮುಂದಿನ ಸ್ಥಾನವು ಸಿಗುತ್ತದೆ. ಅದಕ್ಕೆ ಪೋಲ್ ಸ್ಥಾನವೆಂದು ಹೆಸರು. ಮಾರನೆಯ ದಿನ ಆ ಸಾಲಿನಿಂದ ಹೊರಟು ಸುಮಾರು 305 ಕಿಲೋಮೀಟರು ಓಡಬೇಕು. ಶನಿವಾರದ ಒಂದು ಸುತ್ತು ಮುಗಿಯಲು ಒಂದೂವರೆ ನಿಮಿಷ. ರವಿವಾರದ ಓಟ ಮುಗಿಯಲು ಒಂದೂವರೆ ತಾಸು. ಈ ಒಂದೂವರೆ ನಿಮಿಷವನ್ನು ನೋಡಿ ಆ ಒಂದೂವರೆ ತಾಸನ್ನು ಹೇಳುವುದೇ ನಮ್ಮ ಊಹೆಗಾರರ ವಿದ್ಯೆ.

ನಾನು ಚಿಕ್ಕಂದಿನಲ್ಲಿ ಕಂಡ ಜಾತ್ರೆಗಳ ಎತ್ತಿನ ಗಾಡಿಯ ಶರ್ಯತ್ತಿನಲ್ಲಿ ಇಂಥ ಹಿಂದಿನ ದಿನದ ಪರೀಕ್ಷೆ ಇರಲಿಲ್ಲ. ಎತ್ತಿನ ಗೊರಸು, ಉಸಿರು, ಕಿವಿ ನಿಂತ ಬಗೆ ಇವುಗಳನ್ನು ನೋಡಿ ಹಿರಿಯರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಆ ಊಹೆಗೆ ಅಂಕಿಗಳ ಆಧಾರವಿರಲಿಲ್ಲ. ಮೋಟಾರು ಪಂದ್ಯದಲ್ಲಾದರೋ ಸೆಕೆಂಡಿನ ಸಾವಿರದ ಒಂದಂಶದವರೆಗೆ ಅಂಕಿಗಳುಂಟು. ಅಂಕಿಗಳಿರುವಲ್ಲಿ ಮನುಷ್ಯನಿಗೆ ಧೈರ್ಯ ಹೆಚ್ಚು. ಕೆಲವೊಮ್ಮೆ ಅಂಕಿಗಳು ಕೊಡಬಲ್ಲುದಕ್ಕಿಂತ ಹೆಚ್ಚು.

ಹಾಗಾದರೆ ಮುಂದೆ ನಿಂತವನೇ ಗೆಲ್ಲುತ್ತಾನೆಯೇ? 1950ರ ಆ ಮೊತ್ತಮೊದಲ ಪಂದ್ಯದಲ್ಲಿ ಪೋಲ್ ಸ್ಥಾನದಲ್ಲಿದ್ದ ಇಟಲಿಯ ಫರೀನಾ ಎಂಬವನೇ ಗೆದ್ದನು. ಅಲ್ಲಿಂದ ಇತ್ತೀಚಿನವರೆಗಿನ ಲೆಕ್ಕವನ್ನು ತೆಗೆದರೆ ಹತ್ತು ಪಂದ್ಯಗಳಲ್ಲಿ ಸುಮಾರು ನಾಲ್ಕನ್ನು ಮಾತ್ರ ಪೋಲ್ ಸ್ಥಾನದವರು ಗೆದ್ದಿದ್ದಾರೆ. ಸುಮಾರು ಇಪ್ಪತ್ತು ಜನರು ಓಡುವ ಪಂದ್ಯದಲ್ಲಿ ಒಬ್ಬನಿಗೇ ಹತ್ತರಲ್ಲಿ ನಾಲ್ಕು ಪಾಲು ಸಲ್ಲುವುದು ಸಣ್ಣ ಮಾತಲ್ಲ. ಆದರೂ ಆರು ಪಾಲು ಉಳಿದವರದೆಂಬುದನ್ನು ಮರೆಯುವಂತಿಲ್ಲ. ಈ ಎರಡು ಅಂಕಿಗಳನ್ನೂ ಕೂಡಿಯೇ ತಲೆಯಲ್ಲಿ ಇಟ್ಟುಕೊಳ್ಳುವುದು ಬಲು ಕಷ್ಟ. ನಾಲ್ಕನ್ನು ಹಿಡಿದವನು ಆರನ್ನು ಬಿಡುತ್ತಾನೆ; ಆರನ್ನು ಹಿಡಿದವನು ಶನಿವಾರವೆಂಬುದೇ ಸುಳ್ಳೆನ್ನುತ್ತಾನೆ.

ನನಗೆ ಬಹಳ ದಿನಗಳ ಮೇಲೆ ತಿಳಿದುಬಂದ ಸಂಗತಿಯೊಂದಿದೆ. ಶನಿವಾರದ ಸುತ್ತು ಎರಡು ಕೆಲಸಗಳನ್ನು ಒಮ್ಮೆಗೇ ಮಾಡುತ್ತದೆ. ಮೊದಲನೆಯದು, ಅದು ಅಳೆಯುತ್ತದೆ: ಈ ಗಾಡಿಗೆ, ಈ ಚಾಲಕನಿಗೆ ಎಷ್ಟು ವೇಗವಿದೆಯೆಂಬುದನ್ನು ತೋರಿಸುತ್ತದೆ. ಎರಡನೆಯದು, ಅದು ಕೊಡುತ್ತದೆ: ಅಳತೆಯಲ್ಲಿ ಮುಂದಾದವನಿಗೆ ತೆರವಾದ ದಾರಿಯನ್ನು ಬಹುಮಾನವಾಗಿ ಕೊಡುತ್ತದೆ. ರವಿವಾರ ಅವನು ಗೆದ್ದರೆ, ಗೆಲುವು ಅಳತೆಯಿಂದ ಬಂದುದೆಷ್ಟು, ಬಹುಮಾನದಿಂದ ಬಂದುದೆಷ್ಟು ಎಂಬುದನ್ನು ಬಿಡಿಸುವುದು ಸುಲಭವಲ್ಲ. ಊಹೆಯನ್ನು ಮಾಡಬಯಸುವವನು ಮಾತ್ರ ಇದನ್ನು ಬಿಡಿಸಲೇಬೇಕು.

ಮೊನಾಕೋ ಎಂಬ ಪುಟ್ಟ ಸಂಸ್ಥಾನದ ಬೀದಿಗಳಲ್ಲಿ ನಡೆಯುವ ಪಂದ್ಯವು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಯ ದಾರಿಗಳು ನಮ್ಮ ಬೆಳಗಾವಿಯ ಹಳೆಯ ಗಲ್ಲಿಗಳ ನೆನಪನ್ನು ತರುವಷ್ಟು ಇಕ್ಕಟ್ಟು. ಮುಂದಿನವನು ಎಷ್ಟು ನಿಧಾನವಾಗಿ ಹೋದರೂ ಹಿಂದಿನವನಿಗೆ ದಾಟಿಹೋಗಲು ಎಡೆ ಸಿಗುವುದಿಲ್ಲ. 2024ನೆಯ ಮೇ 26ರಂದು ಅಲ್ಲಿ ನಡೆದ ಓಟದಲ್ಲಿ ಮೊದಲ ಹತ್ತು ಸ್ಥಾನಗಳಲ್ಲಿ ಹೊರಟವರು 78 ಸುತ್ತು ಓಡಿ ಅದೇ ಕ್ರಮದಲ್ಲಿ ಗುರಿಯನ್ನು ಮುಟ್ಟಿದರು. ಹಿಂದೆಂದೂ ಹಾಗಾಗಿರಲಿಲ್ಲ. ಮೊನಾಕೋದವನೇ ಆದ ಲೆಕ್ಲೇರ್ ಮೊದಲು ನಿಂತು ಮೊದಲೇ ಬಂದನು. ಅಂಥ ಕಡೆ ಊಹೆಗಾರನಿಗೆ ರವಿವಾರ ಕೆಲಸವೇ ಇಲ್ಲ.

ಅಲ್ಲಿ ಗೆಲ್ಲಿಸುವುದು ವೇಗವೋ ಸ್ಥಾನವೋ ಎಂಬುದಕ್ಕೆ ನಮ್ಮ ಬೆಂಗಳೂರಿನ ತರುಣ ಕುಶ್ ಮೈನಿಯ ಸಂಗತಿಯನ್ನು ನೋಡಬೇಕು. ಫಾರ್ಮುಲಾ ಒನ್ನಿಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂ ಪಂದ್ಯಗಳಲ್ಲಿ ಒಂದು ವಿಚಿತ್ರವಾದ ಕಟ್ಟಳೆಯುಂಟು. ವಾರದ ಚಿಕ್ಕ ಓಟಕ್ಕೆ ಅರ್ಹತಾ ಸುತ್ತಿನ ಮೊದಲ ಹತ್ತು ಜನರನ್ನು ತಿರುವಿ ನಿಲ್ಲಿಸುತ್ತಾರೆ, ಹತ್ತನೆಯವನು ಮೊದಲನೆಯವನಾಗುತ್ತಾನೆ. 2025ನೆಯ ಮೇ 24ರಂದು ಮೊನಾಕೋದಲ್ಲಿ ಈ ಕಟ್ಟಳೆಯಿಂದ ಮುಂದಿನ ಸ್ಥಾನವು ಮೈನಿಗೆ ಬಂದಿತು. ಅವನು ಅದನ್ನು ಕೊನೆಯವರೆಗೂ ಬಿಡದೆ ಗೆದ್ದನು. ಆ ಬೀದಿಗಳಲ್ಲಿ ಫಾರ್ಮುಲಾ ಟೂ ಓಟವನ್ನು ಗೆದ್ದ ಮೊದಲ ಭಾರತೀಯನವನು. ಬೆನ್ನಿಗೆ ಅಂಟಿಕೊಂಡು ಬರುವವರನ್ನು ಅಷ್ಟು ಹೊತ್ತು ತಡೆದು, ಗೋಡೆಗೆ ತಾಗದೆ ನಡೆಸುವುದು ಸಾಮಾನ್ಯ ಕೌಶಲವಲ್ಲ. ಆದರೆ ಅಳತೆಯಲ್ಲಿ ಹತ್ತನೆಯವನಾದವನು ಸ್ಥಾನ ಸಿಕ್ಕಾಗ ಏನು ಮಾಡಬಲ್ಲನೆಂಬುದನ್ನೂ ಆ ದಿನವು ತೋರಿಸಿತು.

ಇನ್ನು ಅಳತೆಯ ವಿಚಾರ. ಕಾರಖಾನೆಯಲ್ಲಿ ಲೇತಿಗೆ ಹೊಸ ಟೂಲನ್ನು ಕಟ್ಟಿ ಕಡೆದ ಮೊದಲ ತುಂಡನ್ನು ತಪಾಸಣೆಗೆ ತರುತ್ತಾರೆ. ಅದು ಗೇಜಿನಲ್ಲಿ ಸರಿಯಾಗಿ ಕೂತರೆ ಕೆಲಸಕ್ಕೆ ಅಪ್ಪಣೆ. ಆ ಮೊದಲ ತುಂಡು ಬಹುಶಃ ಯಾವಾಗಲೂ ಚೆಂದವಾಗಿಯೇ ಇರುತ್ತದೆ: ಟೂಲು ಹರಿತ, ಯಂತ್ರ ತಂಪು, ಕೆಲಸಗಾರನ ಕಣ್ಣು ಎಚ್ಚರ. ನಾವು ನಿಜವಾಗಿ ಕಾಯುತ್ತಿದ್ದುದು ಐವತ್ತನೆಯ ತುಂಡಿಗೆ. ಅಷ್ಟರೊಳಗೆ ಟೂಲಿನ ಮೊನೆ ಸವೆದಿರುತ್ತದೆ, ಯಂತ್ರ ಕಾದಿರುತ್ತದೆ, ಅಳತೆಯು ಮಿಲಿಮೀಟರಿನ ನೂರರಲ್ಲಿ ಎರಡಂಶ ಮೂರಂಶ ಸರಿದಿರುತ್ತದೆ. ಮೊದಲ ತುಂಡು ಕೆಟ್ಟರೆ ಉಳಿದವು ಕೆಡುವುದು ನಿಶ್ಚಯ. ಮೊದಲನೆಯದು ನೆಟ್ಟಗಿದ್ದರೆ ಉಳಿದವು ನೆಟ್ಟಗಾಗುವುದು ಸಂಭವ, ಅಷ್ಟೆ.

ಶನಿವಾರದ ಗಾಡಿಯೂ ಈ ಮೊದಲ ತುಂಡಿನಂತೆ. ಅದರ ಟಯರು ಹೊಸದು, ಮೃದುವಾದ ಜಾತಿಯದು. ಒಂದು ಸುತ್ತಿಗೆ ಬೇಕಾದ ಹಿಡಿತವನ್ನು ಕೊಟ್ಟು ಮುಗಿದುಹೋಗುವಂಥದು. ಎಣ್ಣೆಯ ಭಾರ ಅತ್ಯಲ್ಪ. ರವಿವಾರವಾದರೋ 2025ರವರೆಗಿನ ಕಟ್ಟಳೆಯಂತೆ 110 ಕಿಲೋವರೆಗೆ ಇಂಧನವನ್ನು ಹೊತ್ತು ಹೊರಡಬೇಕಾಗಿತ್ತು. ಹತ್ತು ಕಿಲೋ ಭಾರಕ್ಕೆ ಒಂದು ಸುತ್ತಿನಲ್ಲಿ ಸುಮಾರು 0.3 ಸೆಕೆಂಡು ತಡವೆಂದು ಬಲ್ಲವರ ಲೆಕ್ಕ. ಮಳೆಯಿಲ್ಲದ ದಿನ ಎರಡು ಬೇರೆ ಬೇರೆ ಜಾತಿಯ ಟಯರುಗಳನ್ನು ಬಳಸಲೇಬೇಕು. ಅಂದಮೇಲೆ ಒಮ್ಮೆಯಾದರೂ ನಿಂತು ಗಾಲಿಯನ್ನು ಬದಲಿಸಬೇಕು. ಇದರ ಜೊತೆಗೆ, ಶನಿವಾರದ ಸುತ್ತಿನ ಬಳಿಕ ಗಾಡಿಯ ಹೊಂದಿಕೆಯನ್ನು ಮನಬಂದಂತೆ ತಿರುವಲು ಅಪ್ಪಣೆಯಿಲ್ಲ. ಆದುದರಿಂದ ಕೆಲವರು ಶನಿವಾರ ಒಂದೆರಡು ಸ್ಥಾನಗಳನ್ನು ಬಿಟ್ಟುಕೊಟ್ಟು ರವಿವಾರಕ್ಕೆ ಒಗ್ಗುವ ಗಾಡಿಯನ್ನು ಸಿದ್ಧಮಾಡಿಕೊಂಡಿರುತ್ತಾರೆ. ಬಲ್ಲ ಊಹೆಗಾರನು ಶನಿವಾರದ ಪಟ್ಟಿಯ ಜೊತೆಗೆ ಶುಕ್ರವಾರದ ಅಭ್ಯಾಸದಲ್ಲಿ ಯಾರು ಹಳೆಯ ಟಯರಿನ ಮೇಲೆ ಹತ್ತು ಹನ್ನೆರಡು ಸುತ್ತು ಒಂದೇ ಸಮನೆ ಓಡಿಸಿದರೆಂಬುದನ್ನು ನೋಡುವುದು ಇದಕ್ಕಾಗಿಯೇ.

ನಮ್ಮ ದೇಶದಲ್ಲಿಯೇ ಈ ಪಂದ್ಯವು ಮೂರು ಸಲ ನಡೆಯಿತು. 2011, 2012, 2013ನೆಯ ವರ್ಷಗಳಲ್ಲಿ ದಿಲ್ಲಿಯ ಹತ್ತಿರದ ಗ್ರೇಟರ್ ನೋಯಿಡಾದ ಬುದ್ಧ ಪಥದಲ್ಲಿ ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ ಮೂರು ಸಲವೂ ಪೋಲ್ ಸ್ಥಾನದಿಂದ ಹೊರಟು ಮೂರು ಸಲವೂ ಗೆದ್ದನು. ಇಷ್ಟನ್ನೇ ಕೇಳಿದವರು ಶನಿವಾರವೇ ಎಲ್ಲವೆಂದು ಹೇಳಿಯಾರು. ಆದರೆ 2013ರ ಅಕ್ಟೋಬರ 27ರ ಓಟವನ್ನು ಕಂಡವರು ಹಾಗೆ ಹೇಳಲಾರರು. ಶನಿವಾರ ಅವನನ್ನು ಮುಂದೆ ನಿಲ್ಲಿಸಿದ ಮೃದುವಾದ ಟಯರುಗಳು ಆ ಬಿಸಿಲಿಗೆ ಬಾಳುವಂಥವಲ್ಲವೆಂದು ತಿಳಿದು ಅವನು ಎರಡನೆಯ ಸುತ್ತಿಗೇ ನಿಂತು ಗಾಲಿಗಳನ್ನು ಬದಲಿಸಿದನು. ಹದಿನೇಳನೆಯ ಸ್ಥಾನಕ್ಕೆ ಜಾರಿದನು. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ ಬಂದು ಗೆದ್ದನು. ಅಂದೇ ತನ್ನ ನಾಲ್ಕನೆಯ ವಿಶ್ವವಿಜಯವನ್ನೂ ಪಡೆದನು. ಶನಿವಾರ ಕೊಟ್ಟ ಸ್ಥಾನವನ್ನು ಎರಡೇ ಸುತ್ತಿನಲ್ಲಿ ಚೆಲ್ಲಿದನು. ಶನಿವಾರ ಅಳೆದ ವೇಗವು ಮಾತ್ರ ಅವನಲ್ಲಿ ಉಳಿದಿತ್ತು.

ಯಾವ ಅಳತೆಗೂ ಸಿಕ್ಕದುದು ಮಳೆ. ಪೀರನವಾಡಿಯವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆಷಾಢದಲ್ಲಿ ನಮ್ಮ ನಾಕೆಯ ಮೇಲೆ ಬಿಸಿಲು ಬಿದ್ದಿರುವಾಗಲೇ ಜಾಂಬೋಟಿಯ ಕಡೆಯಿಂದ ಬರುವ ಮೋಟಾರುಗಳು ತೊಯ್ದು ತೊಪ್ಪೆಯಾಗಿ ಬಂದು ನಿಲ್ಲುತ್ತವೆ. ಬೆಲ್ಜಿಯಮ್ಮಿನ ಸ್ಪಾ ಎಂಬ ಪಥವೂ ಇಂಥದೇ. ಏಳು ಕಿಲೋಮೀಟರು ಉದ್ದದ ಆ ಕಾಡು ದಾರಿಯ ಒಂದು ತುದಿಗೆ ಮಳೆ, ಇನ್ನೊಂದು ತುದಿಗೆ ಒಣ ನೆಲವಾಗುವುದುಂಟು. ಇಕ್ಕಟ್ಟಾದ ಮೊನಾಕೋದಲ್ಲಿ ಕೂಡ 1996ನೆಯ ಮೇ 19ರಂದು ಮಳೆ ಬಂದಾಗ, ಪೋಲ್ ಸ್ಥಾನದಲ್ಲಿದ್ದ ಮೈಕೇಲ್ ಷೂಮಾಕರನು ಮೊದಲ ಸುತ್ತಿನಲ್ಲಿಯೇ ತಡೆಗೋಡೆಗೆ ಬಡಿದು ನಿಂತನು. ಹದಿನಾಲ್ಕನೆಯ ಸ್ಥಾನದಿಂದ ಹೊರಟ ಒಲಿವಿಯೇ ಪಾನಿಸನು ಗೆದ್ದನು; ಅಂದು ಓಡುತ್ತಲೇ ಗುರಿಯನ್ನು ದಾಟಿದ ಗಾಡಿಗಳು ಮೂರೇ ಮೂರು. 2024ನೆಯ ನವೆಂಬರ 3ರಂದು ಬ್ರೆಜಿಲಿನ ಮಳೆಯಲ್ಲಿ ವೆರ್ಸ್ಟಾಪನ್ ಹದಿನೇಳನೆಯ ಸ್ಥಾನದಿಂದ ಬಂದು ಗೆದ್ದನು. ಮಹಾಭಾರತದಲ್ಲಿ ಕುಮಾರರ ಅಸ್ತ್ರಪರೀಕ್ಷೆಯ ದಿನ ರಂಗದಲ್ಲಿ ಕುಳಿತವರು ಅರ್ಜುನನನ್ನೂ ಕರ್ಣನನ್ನೂ ತೂಗಿ ನೋಡಿದರು. ಯುದ್ಧದ ದಿನ ರಥದ ಗಾಲಿಯು ನೆಲದಲ್ಲಿ ಹೂತೀತೆಂಬ ಲೆಕ್ಕವು ಅಂದು ಯಾರಲ್ಲಿತ್ತು?

ಇಷ್ಟೆಲ್ಲವನ್ನು ನಾನು ಸುಮ್ಮನೆ ಆಟದ ಮಾತಾಗಿ ಬರೆಯುತ್ತಿಲ್ಲ. 2009ನೆಯ ಇಸವಿಯ ಆಗಸ್ಟಿನಲ್ಲಿ ನನ್ನ ತಮ್ಮನ ಮಗನು ನಮ್ಮ ಮನೆಯಲ್ಲಿದ್ದನು. ಪಿಯುಸಿಯಲ್ಲಿ ಅವನ ಗುಣಗಳು ಕಡಿಮೆ ಬಂದಿದ್ದವು. ಎಂಜಿನಿಯರಿಂಗಿನ ಪ್ರವೇಶ ಪರೀಕ್ಷೆಯಲ್ಲಿ ಅವನ ಸ್ಥಾನವು ಬಹಳ ಕೆಳಗೆ ಬಿದ್ದಿತ್ತು. ಜೊತೆಯವರು ಕಾಲೇಜುಗಳನ್ನು ಸೇರಿಯಾಗಿತ್ತು. ಬಂಧುಗಳು ಬಂದಾಗಲೆಲ್ಲ ಅವನ ಸ್ಥಾನದ ಅಂಕಿಯನ್ನು ಕೇಳುವುದು, ಕೇಳಿ ಲೊಚಗುಟ್ಟುವುದು ನಡೆದಿತ್ತು. ತಮ್ಮನಂತೂ, “ಅಣ್ಣಾ, ಇವನ ಹಣೇಬರಾ ಇಷ್ಟ ಅನ್ನೂದು ತಿಳಿದ್ಹೋತು. ಹಳ್ಳ್ಯಾಗ ಒಂದು ಅಂಗಡಿ ಹಾಕಿಕೊಟ್ಟು ಕೂಡ್ರಸತೀನಿ” ಎಂದು ನಿಶ್ಚಯಿಸಿಬಿಟ್ಟಿದ್ದನು. ಹುಡುಗನು ಎದುರಾಡುತ್ತಿರಲಿಲ್ಲ, ಅದೇ ನನಗೆ ಹೆಚ್ಚಿನ ಚಿಂತೆಯಾಗಿತ್ತು.

ಆ ತಿಂಗಳ 29ನೆಯ ತಾರೀಖು, ಶನಿವಾರ, ಸ್ಪಾದ ಅರ್ಹತಾ ಸುತ್ತಿನಲ್ಲಿ ಯಾರೂ ಕನಸಿನಲ್ಲಿ ಎಣಿಸದ ಸಂಗತಿಯು ನಡೆಯಿತು. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರ ಒಡೆತನದಲ್ಲಿ ಆಗ ಇದ್ದ ಫೋರ್ಸ್ ಇಂಡಿಯಾ ತಂಡದ ಗಾಡಿಯು ಪೋಲ್ ಸ್ಥಾನವನ್ನು ಪಡೆಯಿತು. 2008ರಲ್ಲಿ ಓಟಕ್ಕಿಳಿದ ಆ ತಂಡವು ಅಲ್ಲಿಯವರೆಗೆ ಒಂದೇ ಒಂದು ಅಂಕವನ್ನೂ ಗಳಿಸಿರಲಿಲ್ಲ. ಚಾಲಕನು ಇಟಲಿಯ ಜಾನ್‌ಕಾರ್ಲೊ ಫಿಸಿಕೆಲ್ಲಾ, ವಯಸ್ಸು 36. ನಮ್ಮ ಮನೆಯಲ್ಲಿ ಹಬ್ಬದ ಸಡಗರವಾಯಿತು. ನನ್ನ ಮನೆಯಾಕೆಯು ನಾಳೆ ಗೆಲುವು ನಮ್ಮದೇ ಎಂದು ಶಿರಾಕ್ಕೆ ರವೆಯನ್ನು ತೆಗೆದಿಟ್ಟಳು. ಹತ್ತರಲ್ಲಿ ನಾಲ್ಕು ಎಂಬ ನನ್ನ ಲೆಕ್ಕವನ್ನು ಅಂದು ಯಾರೂ ಕಿವಿಯಲ್ಲಿ ಹಾಕಿಕೊಳ್ಳಲಿಲ್ಲ.

ಹುಡುಗನು ಮಾತ್ರ ಪಟ್ಟಿಯನ್ನು ಬಹಳ ಹೊತ್ತು ನೋಡಿ, “ದೊಡ್ಡಪ್ಪಾ, ಆರನೇದಾಂವನ್ನ ನೋಡ್ರಿ” ಎಂದನು. ಆರನೆಯವನು ಫೆರಾರಿ ತಂಡದ ಕಿಮಿ ರೈಕೊನೆನ್. ಯಾಕೆಂದು ಕೇಳಿದೆನು. ಅವನು ಒಂದೊಂದಾಗಿ ಕಾರಣಗಳನ್ನು ಬಿಡಿಸಿಟ್ಟನು. ರೈಕೊನೆನ್ ಅದೇ ಪಥದಲ್ಲಿ 2004, 2005, 2007ರಲ್ಲಿ ಮೂರು ಸಲ ಗೆದ್ದವನು. ಅವನ ಗಾಡಿಯಲ್ಲಿ, ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಕೂಡಿಟ್ಟುಕೊಂಡು ಬೇಕಾದಾಗ ಬಿಡುವ ಕರ್ಸ್ ಎಂಬ ಸಾಧನವಿದೆ. ಸುತ್ತಿಗೆ ಆರೂವರೆ ಸೆಕೆಂಡಿನಷ್ಟು ಹೊತ್ತು ಅದು ಸುಮಾರು 80 ಅಶ್ವಬಲವನ್ನು ಹೆಚ್ಚಿಸಿಕೊಡುತ್ತದೆ. ಫೋರ್ಸ್ ಇಂಡಿಯಾದ ಗಾಡಿಯಲ್ಲಿ ಅದಿಲ್ಲ. ಶನಿವಾರ ಒಬ್ಬೊಬ್ಬರೇ ಓಡುವಾಗ ಅದರ ಕೊರತೆಯು ಅಷ್ಟಾಗಿ ಕಾಣದು. ಮೊದಲ ತಿರುವಿನ ಆಚೆ ಏರು ಹತ್ತಿದ ಮೇಲೆ ಉದ್ದಾನುದ್ದ ನೇರವಾದ ದಾರಿಯಿದೆ. ಅಲ್ಲಿ ಒಬ್ಬನ ಬೆನ್ನಿಗೆ ಇನ್ನೊಬ್ಬನು ಇರುವಾಗ ಅದು ಕಾಣುತ್ತದೆ. ಇಷ್ಟು ಹೇಳಿ ಅವನು, “ಇದು ಅಗಲ ದಾರೀರಿ, ದೊಡ್ಡಪ್ಪಾ. ಇಲ್ಲಿ ದಾಟಾಕ ಬರತೈತಿ” ಎಂದನು.

ಮರುದಿನ ಇಳಿಹೊತ್ತಿಗೆ ಓಟವು ಆರಂಭವಾಯಿತು. ಫಿಸಿಕೆಲ್ಲಾ ನೆಟ್ಟಗೆ ಹೊರಟು ಮುಂದೆಯೇ ಉಳಿದನು. ಹಿಂದೆ ಮೊದಲ ಸುತ್ತಿನಲ್ಲಿಯೇ ನಾಲ್ಕು ಗಾಡಿಗಳು ಒಂದಕ್ಕೊಂದು ಬಡಿದು ಹೊರಬಿದ್ದವು. ದಾರಿಯನ್ನು ಸ್ವಚ್ಛಮಾಡುವವರೆಗೆ ರಕ್ಷಣೆಯ ಮೋಟಾರಿನ ಹಿಂದೆ ಎಲ್ಲರೂ ಮೆಲ್ಲಗೆ ಸಾಗಬೇಕಾಯಿತು. ಅಷ್ಟರಲ್ಲಿ ರೈಕೊನೆನ್ ಎರಡನೆಯ ಸ್ಥಾನಕ್ಕೆ ಬಂದು ಸೇರಿದ್ದನು. ಐದನೆಯ ಸುತ್ತಿಗೆ ಓಟವು ಮತ್ತೆ ಬಿಡುಗಡೆಯಾದ ಕೂಡಲೇ, ಹುಡುಗನು ಹೇಳಿದ ಆ ನೇರವಾದ ದಾರಿಯ ಮೇಲೆಯೇ, ಫೆರಾರಿಯು ಮುಂದೆ ಹೋಯಿತು. ಉಳಿದ ಸುತ್ತುಗಳಲ್ಲೆಲ್ಲ ಫಿಸಿಕೆಲ್ಲಾ ಅವನ ನೆರಳಿನಂತೆ ಹಿಂಬಾಲಿಸಿದನು. ಇಬ್ಬರೂ ನಿಂತುದು ಒಂದೇ ಸುತ್ತಿಗೆ, ಹೊರಟುದು ಒಂದೇ ಸುತ್ತಿಗೆ. 44 ಸುತ್ತುಗಳ ಕೊನೆಗೆ ಅವರ ನಡುವೆ ಒಂದು ಸೆಕೆಂಡಿನ ಅಂತರವೂ ಇರಲಿಲ್ಲ. ವೇಗದಲ್ಲಿ ಫಿಸಿಕೆಲ್ಲಾ ಕಡಿಮೆಯವನಲ್ಲ. ಶನಿವಾರದ ಅಳತೆಯು ನಿಜವೇ ಆಗಿತ್ತು. ಶನಿವಾರ ಕೊಟ್ಟ ಸ್ಥಾನವನ್ನು ಅಗಲವಾದ ದಾರಿಯಲ್ಲಿ ಕಾಯ್ದುಕೊಳ್ಳಲು ಮಾತ್ರ ಅವನಲ್ಲಿ ಸಾಧನವಿರಲಿಲ್ಲ. ಎರಡನೆಯ ಸ್ಥಾನಕ್ಕೂ ಮನೆಯಾಕೆಯು ಶಿರಾ ಮಾಡಿದಳು. ಆ ತಂಡಕ್ಕೆ ಅದೇ ಮೊದಲ ಗಳಿಕೆಯಾದುದರಿಂದ ಅದು ಉಚಿತವೂ ಆಗಿತ್ತು.

ಆ ರಾತ್ರಿ ನನ್ನ ಮನಸ್ಸಿನಲ್ಲಿ ಉಳಿದುದು ರೈಕೊನೆನ್ನನ ಗೆಲುವಲ್ಲ, ಹುಡುಗನು ಪಟ್ಟಿಯನ್ನು ಓದಿದ ರೀತಿ. ಒಂದು ಊಹೆ ಫಲಿಸಿದ ಮಾತ್ರಕ್ಕೆ ಅವನನ್ನು ಮೇಧಾವಿಯೆನ್ನುವಂತಿಲ್ಲ; ಕುರುಡು ಊಹೆಯೂ ಫಲಿಸುವುದುಂಟು. ಆದರೆ ಅವನು ಹೇಳಿದ ಕಾರಣಗಳು ಕುರುಡಾಗಿರಲಿಲ್ಲ. ಅಳತೆಯಾದುದಾವುದು, ಅಳತೆಯಿಂದ ತಪ್ಪಿಸಿಕೊಂಡುದಾವುದು ಎಂಬುದನ್ನು ಬೇರೆ ಮಾಡಿ ನೋಡುವ ಕಣ್ಣು ಅವನಿಗಿತ್ತು. ತಪಾಸಣೆಯ ಮೇಜಿನ ಮುಂದೆ ಹೊಸಬರಿಗೆ ಈ ಕಣ್ಣನ್ನು ಕಲಿಸಲು ನನಗೆ ವರ್ಷಗಳೇ ಹಿಡಿಯುತ್ತಿದ್ದವು.

ತಮ್ಮನಿಗೆ ನಾನು ಹೇಳಿದುದು ಇಷ್ಟೆ. ಹುಡುಗನ ಪರೀಕ್ಷೆಯ ಸ್ಥಾನ ಸುಳ್ಳಲ್ಲ. ಮೂರು ತಾಸಿನಲ್ಲಿ ಅಷ್ಟು ಲೆಕ್ಕಗಳನ್ನು ಬಿಡಿಸುವ ವೇಗವು ಅವನಿಗಿಲ್ಲವೆಂಬುದನ್ನು ಅದು ಸರಿಯಾಗಿಯೇ ಅಳೆದಿದೆ. ಆ ಸ್ಥಾನದಿಂದ ಸಿಗಬೇಕಾಗಿದ್ದ ಕಾಲೇಜು, ಒಳ್ಳೆಯ ಗುರುಗಳು, ಮುಂದಿನ ಚಾಕರಿ ಇವು ತಪ್ಪಿದುದೂ ನಿಜ. ಆ ನಷ್ಟವನ್ನು ಸಣ್ಣದೆಂದು ಹೇಳಿ ಅವನನ್ನು ಸಮಾಧಾನಪಡಿಸುವುದು ಬೇಡ. ಲೋಕದಲ್ಲಿ ಕೆಲವು ದಾರಿಗಳು ಮೊನಾಕೋದ ಬೀದಿಗಳಂತಿವೆ. ಅಲ್ಲಿ ಹಿಂದೆ ನಿಂತವನು ಹಿಂದೆಯೇ ಉಳಿಯುತ್ತಾನೆ. ಅಂಥ ದಾರಿಗೆ ಇವನನ್ನು ಮತ್ತೆ ನೂಕಬೇಡ. ಕೈಗೆಲಸದ ದಾರಿ ಸ್ಪಾದ ಹಾಗೆ ಅಗಲವಾದುದು. ಅಲ್ಲಿ ಬಾಳಿಕೆಯುಳ್ಳವನು ದಾಟಬಲ್ಲನು. ಒಂದು ವರ್ಷ ಇಲ್ಲಿಯೇ ಇರಲಿ, ಲೇತಿನ ಮುಂದೆ ನಿಲ್ಲಲಿ, ಆಮೇಲೆ ಪಾಲಿಟೆಕ್ನಿಕ್ ಸೇರಲಿ. ತಮ್ಮನು ಒಂದು ವಾರ ಸುಮ್ಮನಿದ್ದು ಒಪ್ಪಿದನು.

ಹಾಗೆಂದು ಹುಡುಗನು ಎಲ್ಲರನ್ನೂ ದಾಟಿ ಮೊದಲು ಬಂದನೆಂದು ಬರೆದರೆ ಅದು ಕಥೆಯಾದೀತು. ಜೊತೆಯವರು ಸಂಬಳ ಎಣಿಸುತ್ತಿದ್ದಾಗ ಅವನಿನ್ನೂ ಡಿಪ್ಲೊಮಾ ಮುಗಿಸುತ್ತಿದ್ದನು. ಮದುವೆಯ ಮಾತು ಬಂದಾಗ ಎರಡು ಕಡೆಯವರು ಪದವಿಯಿಲ್ಲವೆಂದು ಹಿಂದೆ ಸರಿದರು. ಈಗ ಅವನು ಉದ್ಯಮಬಾಗದಲ್ಲಿ ಬಾಡಿಗೆಯ ಶೆಡ್ಡಿನಲ್ಲಿ ಎರಡು ಯಂತ್ರಗಳನ್ನು ಇಟ್ಟುಕೊಂಡಿದ್ದಾನೆ. ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದಾನೆ. ಬ್ಯಾಂಕಿನ ಸಾಲ ಇನ್ನೂ ತೀರಬೇಕು. ಓಟವು ಮುಗಿದಿಲ್ಲವಾದುದರಿಂದ ಅವನ ಸ್ಥಾನವನ್ನು ನಾನು ಹೇಳಲಾರೆನು. ಓಡುತ್ತಿದ್ದಾನೆಂಬುದೇ ನನಗೆ ದೊಡ್ಡದು. ಅಂದು ಹಣೆಬರಹವೆಂದು ಬಗೆದು ಸಾಲಿನಲ್ಲಿಯೇ ನಿಲ್ಲಿಸಿದ್ದರೆ ಅವನು ಓಡುವುದೇ ಇರಲಿಲ್ಲ.

ಊಹೆಯ ವಿಷಯದಲ್ಲಿ ಮನೆಮಂದಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಊಹೆಯ ಮೇಲೆ ಹಣವನ್ನು ಇಟ್ಟ ಕ್ಷಣಕ್ಕೆ ಅದು ವಿದ್ಯೆಯಾಗಿ ಉಳಿಯುವುದಿಲ್ಲ. ಹತ್ತರಲ್ಲಿ ನಾಲ್ಕೆಂದು ಶಾಂತವಾಗಿ ಹೇಳುತ್ತಿದ್ದವನೇ ಹಣ ಹೂಡಿದ ಮೇಲೆ ಹತ್ತಕ್ಕೆ ಹತ್ತೆಂದು ತನ್ನನ್ನು ತಾನೇ ನಂಬಿಸಿಕೊಳ್ಳುತ್ತಾನೆ. ಧರ್ಮರಾಯನಿಗೆ ಪಗಡೆಯ ಲೆಕ್ಕವು ತಿಳಿಯದೆ ಇರಲಿಲ್ಲ. ಪಣವನ್ನು ಒಡ್ಡಿದ ಮೇಲೆ ಅದು ನೆನಪಾಗಲಿಲ್ಲ. ಕೈಯೊಳಗಿನ ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ತಡೆಯಲು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಕಾಯಿದೆಯನ್ನು ಮಾಡಬೇಕಾಗಿ ಬಂದುದು, ಈ ಮರೆವು ಎಷ್ಟು ಮನೆಗಳನ್ನು ಹೊಕ್ಕಿತ್ತೆಂಬುದಕ್ಕೆ ಸಾಕ್ಷಿ.

ಹಣವಿಲ್ಲದ ಊಹೆಯಾದರೋ ಮಕ್ಕಳಿಗೆ ಒಳ್ಳೆಯ ಶಿಕ್ಷಣ. ಶನಿವಾರದ ಪಟ್ಟಿ ಬಂದ ಮೇಲೆ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆಯಲಿ. ಅದರ ಪಕ್ಕದಲ್ಲಿ ಕಾರಣವನ್ನೂ, ಹತ್ತರಲ್ಲಿ ಎಷ್ಟು ನಂಬಿಕೆಯೆಂಬುದನ್ನೂ ಬರೆಯಲಿ. ದಾರಿ ಇಕ್ಕಟ್ಟೋ ಅಗಲವೋ, ಮುಗಿಲಿನ ಬಣ್ಣ ಹೇಗಿದೆ, ಟಯರು ಎಷ್ಟು ಹೊತ್ತು ಬಾಳೀತು, ದಂಡನೆಯಿಂದ ಯಾರ ಸ್ಥಾನವಾದರೂ ಹಿಂದೆ ಸರಿದಿದೆಯೋ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಓಟ ಮುಗಿದ ಮೇಲೆ ಯಾರ ಊಹೆ ಫಲಿಸಿತೆಂಬುದಕ್ಕಿಂತ ಯಾರ ಕಾರಣ ನಿಂತಿತೆಂಬುದನ್ನು ನೋಡಬೇಕು. ಈ ಅಭ್ಯಾಸವು ಕೈಹತ್ತಿದ ಮನೆಯಲ್ಲಿ, ಮೇ ತಿಂಗಳ ಪರೀಕ್ಷೆಯ ಪಟ್ಟಿ ಬಂದಾಗಲೂ ಹಿರಿಯರು ಅದೇ ನಾಲ್ಕು ಪ್ರಶ್ನೆಗಳನ್ನು ಕೇಳಿಯಾರು. ಕೇಳಿದ ಬಳಿಕ ಮಗುವಿನ ಮುಂದೆ ಮಾತಾಡಿಯಾರು.